ಹಗೇವಿನ ಬಾಯಿ

ನೆನೆದು ಮುಗ್ಗಿದ ಜೋಳದ ವಾಸನೆ ನನಗೆ ಇವತ್ತಿಗೂ ಆಗಿಬರುವುದಿಲ್ಲ. ಹೋದ ಮಳೆಗಾಲ ಲಿಂಗಸುಗೂರಿನ ನಮ್ಮ ಆಫೀಸಿನ ಎದುರು, ಹಿಟ್ಟಿನ ಗಿರಣಿ ಮುಂದೆ ಯಾರದೋ ಜೋಳದ ಚೀಲ ತೊಯ್ದು ಬಿದ್ದಿತ್ತು. ಆ ಬೆಚ್ಚನೆಯ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ತುರ್ವಿಹಾಳದ ನಮ್ಮ ವಾಡೆ, ಅದರ ಅಂಗಳದ ಹಗೇವು, ಪಕ್ಕದಲ್ಲಿ ಕೂತ ಆಯಿ, ಎಲ್ಲ ಕಣ್ಣಮುಂದೆ ಬಂದವು. ಆಯಿ ಅಂದರೆ ಅಪ್ಪನ ತಾಯಿ. ಹಗೇವು ಅಂದರೆ ನೆಲದೊಳಗಿನ ಜೋಳದ ಕಣಜ. ಒಬ್ಬರು ಇಳಿಯುವಷ್ಟು ಬಾಯಿ, ಒಳಗೆ ಕೋಣೆಯಷ್ಟು ಹೊಟ್ಟೆ.

ಅದು ಎಂಬತ್ತರ ದಶಕ. ಕಾಲುವೆ ನೀರು ಬಂದು ಊರೆಲ್ಲ ನೆಲ್ಲು ಹಚ್ಚಿದ್ದರೂ ಆಯಿ ಮೇಲಿನ ಹೊಲದಲ್ಲಿ ಬಿಳಿಜೋಳವನ್ನೇ ಬಿತ್ತಿಸುತ್ತಿದ್ದಳು. ಶ್ರಾವಣದಲ್ಲಿ ಹಗೇವು ತೆಗೆಸಿ, ಆಳುಹೆಣ್ಣುಮಕ್ಕಳ ಉಡಿಗೆ ಮೊದಲ ಜೋಳ ಅವಳೇ ಹಾಕಬೇಕು. ಅವಳ ಗಂಡ, ನಮ್ಮ ಮುತ್ತ್ಯಾ, ತೀರಿಕೊಂಡ ಮೇಲೆ ಅವಳಿಗೆ ಉಳಿದಿದ್ದ ಯಜಮಾನಿಕೆ ಅದೊಂದೇ. "ಮುಚ್ಚಿಬಿಡೂನು, ಚೀಲದಾಗ ತುಂಬೂನು" ಎಂದು ಕಾಕಾ ವರ್ಷವೂ ಗೊಣಗುತ್ತಿದ್ದ; ಅವಳು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಸುತ್ತ ಹೊಟ್ಟು ಕಲೆಸಿದ ಮಣ್ಣು ಮೆತ್ತಬೇಕು. ಅದು ಒಣಗಿ ಬಿರುಕು ಬಿಟ್ಟಾಗ ಇನ್ನೊಮ್ಮೆ ಮೆತ್ತಬೇಕು. ಆ ವರ್ಷ ಆಯಿಯ ಕೈ ಉಳುಕಿ, ಎರಡನೇ ಸಲದ ಕೆಲಸ ಹತ್ತು ವರ್ಷದ ನನ್ನ ಪಾಲಿಗೆ ಬಂತು. ಅದೇ ದಿನ ಕಾಕಾ ನನ್ನನ್ನೂ ಕರೆದುಕೊಂಡು ಸಿಂಧನೂರಿಗೆ ಸಿನಿಮಾಕ್ಕೆ ಹೊರಟಿದ್ದ. ಬಸ್ಸು ತಪ್ಪೀತೆಂದು ನಾನು ಕಲೆಸಿದ ಮಣ್ಣನ್ನು ಹಿತ್ತಲಿಗೆ ಚೆಲ್ಲಿ ಕೈ ತೊಳೆದುಕೊಂಡೆ.

"ಮೆತ್ತಿದಿ ಏನ್ಬೇ?" ಎಂದಳು ಆಯಿ, ಒಳಗಿನಿಂದಲೇ.

"ಹ್ಞೂಂ" ಎಂದೆ.

ಅವತ್ತು ಸಂಜೆಯೇ ಮಳೆ ಹೊಡೆಯಿತು. ಶ್ರಾವಣದಲ್ಲಿ ಕಲ್ಲು ಎತ್ತಿದಾಗ ಅದೇ ವಾಸನೆ. ಉಡಿ ಒಡ್ಡಿ ನಿಂತಿದ್ದ ಹೆಂಗಸರು ಹಿಂದೆ ಸರಿದರು. "ಯಾರ್ ಮೆತ್ಯಾರ ಇದನ್ನ?" ಎಂದು ಕಾಕಾ ಕೂಗಾಡಿದ. ಆಯಿ ಕೂತು ಬಿರುಕಿನ ಮೇಲೆ ಬೆರಳಾಡಿಸಿದಳು, ಒಮ್ಮೆ ನನ್ನ ಕಡೆ ನೋಡಿದಳು.

"ಮೆತ್ತಿದ್ದು ಚಲೋನ ಐತಿ. ಕಾಲುವಿ ನೀರು ತಳದಿಂದ ಬಸದು ಬಂದೈತಿ. ನೀ ಹೇಳಿದ್ದ ಖರೆ ಆತಪಾ, ಮುಚ್ಚಿಬಿಡು" ಎಂದಳು ಕಾಕಾನಿಗೆ.

ಮುಂದಿನ ವರ್ಷದಿಂದ ಜೋಳ ಚೀಲಕ್ಕೆ ಬಂತು, ಉಗ್ರಾಣದ ಕೀಲಿ ಕಾಕಾನ ಉಡದಾರಕ್ಕೆ. ಹೆಂಗಸರು ಅವನನ್ನೇ ಕೇಳತೊಡಗಿದರು. ಆಯಿ ಪಡಸಾಲೆಯಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ಅವಳು ನನ್ನನ್ನು ಎಂದೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾನು ಹೈಸ್ಕೂಲು ಮುಗಿಸುವ ಮೊದಲೇ ಹೋಗಿಬಿಟ್ಟಳು. ಆ ಸಂಕಟ ಇನ್ನೂ ಹಾಗೇ ಇದೆ.

ಗಿರಣಿಯ ಮುಂದೆ ನಿಂತ ಆ ವಾರವೇ ಊರಿಗೆ ಹೋದೆ. ವಾಡೆ ಈಗ ಹೋಮ್‌ಸ್ಟೇ. ಕಾಕಾನ ಮಗ ನಡೆಸುತ್ತಾನೆ. ಮಸ್ಕಿಯ ಶಾಸನ ನೋಡಿ ಬಂದಿದ್ದ ಅತಿಥಿಗಳಿಗೆ ಅವನು ಹಗೇವು ತೋರಿಸುತ್ತಿದ್ದ. ಬಾಯಿಗೆ ಗಾಜು, ಒಳಗೊಂದು ದೀಪ.

"ಕಾಲುವಿ ನೀರು ಬಸದು ಜೋಳ ಎಲ್ಲಾ ಕೆಟ್ಟು ಹೋತ್ರೀ. ನಮ್ಮ ಆಯಿನ ಕಂಡುಹಿಡಿದಿದ್ದು. ಅಕ್ಕ ಅವಾಗ ಇಲ್ಲೇ ಇದ್ಲು. ಹೌದಿಲ್ಲಕ್ಕಾ?"

ಎಲ್ಲರೂ ನನ್ನತ್ತ ತಿರುಗಿದರು. ಊರ ಸುತ್ತ ಗದ್ದೆಗಳಲ್ಲಿ ನೀರು ತುಂಬಿ ನಿಂತಿತ್ತು. ಗಾಜಿನ ಕೆಳಗೆ ಹಗೇವಿನ ತಳ ಮಾತ್ರ ಒಣಗಿ ಬೆಳ್ಳಗಿತ್ತು, ಒಂದು ಹನಿ ಪಸೆಯಿಲ್ಲದೆ.

"ಹ್ಞೂಂ" ಎಂದೆ.