ತುಂಬಿದ ಕೋವಿ, ಒಂದು ಹೆಜ್ಜೆಯ ಕೊರಕಲು

ರಾಜಘಟ್ಟದಿಂದ ಸ್ವಲ್ಪ ಆಚೆಗಿರುವ ನಮ್ಮ ಮುಸುಕಿನ ಜೋಳದ ಹೊಲಕ್ಕೆ, ತೆನೆ ಹಾಲುಗಟ್ಟುವ ಹೊತ್ತಿಗೆ ಕಾಡುಹಂದಿಗಳು ಇಳಿಯುತ್ತಿದ್ದವು. ಬೆಳೆ ಕಾಯಲೆಂದು ಲೈಸೆನ್ಸ್ ಮಾಡಿಸಿದ ಜೋಡಿನಳಿಗೆ ಕೋವಿಯೊಂದು ಅಪ್ಪನ ಬಳಿ ಇತ್ತು. ಪ್ರಾಯದಲ್ಲಿ ಅವನು ಬೇಟೆಗೆ ಹೋದವನೇ. ಆದರೆ ನಾನು ಕಂಡಂತೆ ಆ ಕೋವಿ ಹಾರಿದ್ದು ಆಕಾಶಕ್ಕೆ ಮಾತ್ರ. ಸದ್ದಿಗೆ ಹಂದಿ ಓಡಿದರೆ ಅವನಿಗೆ ಸಾಕಿತ್ತು.

ನಾನು ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೆ. ಬೆಳಕು ಹರಿಯುವಾಗ ಅಪ್ಪನ ಜೊತೆ ಹೊಲಕ್ಕೊಂದು ಸುತ್ತು ಹೋಗಿ, ಹಂದಿ ಓಡಿಸಲು ತಟ್ಟೆ ಬಡಿದು, ಆಮೇಲೆ ಬಸ್ಸು ಹಿಡಿಯುತ್ತಿದ್ದೆ. ದಾರಿಯಲ್ಲಿ ಎರಡು ತಂತಿಬೇಲಿ. ಪ್ರತಿ ಬೇಲಿಗೂ ಅಪ್ಪ ನಿಲ್ಲುತ್ತಿದ್ದ. ಕೋವಿಯನ್ನು ಮಡಚಿ ತೆರೆದು, ಎರಡೂ ತೋಟಾ ತೆಗೆದು ನನ್ನ ಅಂಗೈಗೆ ಹಾಕುತ್ತಿದ್ದ. ನಳಿಗೆಯ ಬಾಯಿ ಯಾರ ಕಡೆಗೂ ತಿರುಗದಂತೆ ಕೋವಿಯನ್ನು ತಂತಿಯ ಕೆಳಗಿಂದ ಆಚೆಗೆ ತಳ್ಳಿ ಮಲಗಿಸಿ, ತಾನು ಬೇರೆ ಕಡೆಯಿಂದ ನುಸುಳುತ್ತಿದ್ದ. ನಾನೂ ದಾಟಿದ ಮೇಲೆ ನಳಿಗೆಯೊಳಗೆ ಮಣ್ಣು ಸೇರಿದೆಯೇ ಎಂದು ನೋಡಿ, ಮತ್ತೆ ತೋಟಾ ತುಂಬುತ್ತಿದ್ದ.

"ಅಪ್ಪಾ, ಬಸ್ಸು ಹೋಗ್ಬಿಡುತ್ತೆ ಕಣಪ್ಪಾ," ಎಂದು ನಾನು ಗೊಣಗಿದರೆ, "ಹೋದ್ರೆ ಇನ್ನೊಂದು ಬರ್ತದೆ ಬಾರಮ್ಮ," ಎನ್ನುತ್ತಿದ್ದ.

ಆ ವರ್ಷ ಪಕ್ಕದ ಜಮೀನು ಲೇಔಟ್ ಆಯಿತು. ಕಲ್ಲುಚಪ್ಪಡಿಯ ಕಾಂಪೌಂಡ್ ಎದ್ದು ನಮ್ಮ ದಾರಿ ಮುಚ್ಚಿತು. ಮಳೆನೀರು ಕೊರೆದಿದ್ದ ಒಂದು ಕೊರಕಲನ್ನು ದಾಟಿ ಹೊಲ ಸೇರಬೇಕಾಯಿತು. ಹೆಚ್ಚೇನಿಲ್ಲ, ಒಂದು ಉದ್ದನೆ ಹೆಜ್ಜೆಯಷ್ಟು ಅಗಲ.

ಒಂದು ಬೆಳಿಗ್ಗೆ ಹೊಲದೊಳಗೆ ಜೋಳದ ದಂಟು ಮುರಿಯುವ ಸದ್ದು ಕೇಳಿಸುತ್ತಿತ್ತು. ನಾನು ಮೊದಲು ಹಾರಿ ಆಚೆ ದಡದಲ್ಲಿ ನಿಂತೆ. ಅಭ್ಯಾಸದಿಂದ ತೋಟಾ ಹಿಡಿಯಲು ಅಂಗೈ ಚಾಚಿದೆ.

"ಇಷ್ಟಕ್ಕೆಲ್ಲಾ ಏನು, ಸರ್ಕೋ," ಎಂದ ಅಪ್ಪ. ತುಂಬಿದ ಕೋವಿ ಕೈಯಲ್ಲಿರುವಂತೆಯೇ ಹೆಜ್ಜೆ ಹಾಕಿದ.

ಜೇಡಿಮಣ್ಣಿನ ದಡ ಜಾರಿತು. ಅವನು ಮಂಡಿಯೂರಿ ಬಿದ್ದ. ಕಿವಿ ಹರಿದುಹೋಗುವಂಥ ಸದ್ದಾಯಿತು. ನನ್ನ ಪಕ್ಕದ ಮಣ್ಣು ಸಿಡಿದು ಮುಖಕ್ಕೆ ಬಡಿಯಿತು. ಎಡಗಾಲಿನ ಮೀನಖಂಡದಲ್ಲಿ ಬೆಂಕಿ ಸೋಕಿದಂತಾಗಿ ಕುಸಿದು ಕೂತೆ.

ಅಪ್ಪ ಎದ್ದ. ನನ್ನ ಕಡೆ ಒಮ್ಮೆ ನೋಡಿದ. ಆದರೆ ಬರಲಿಲ್ಲ. ಮೊದಲು ಕೋವಿ ತೆರೆದ. ಉಳಿದ ಒಂದು ತೋಟಾ ಕಿತ್ತು ತೆಗೆಯಲು ಎರಡು ಮೂರು ಸಲ ಪ್ರಯತ್ನಿಸಬೇಕಾಯಿತು. ಅದನ್ನು ದೂರ ಎಸೆದು, ತೆರೆದ ಕೋವಿಯನ್ನು ನೆಲಕ್ಕಿಟ್ಟ ಮೇಲೆಯೇ ಓಡಿಬಂದ.

"ಎಲ್ಲಿ ಮಗಾ? ಎಲ್ಲಿಗೆ ಬಿತ್ತು?"

ನೋವಿಗಿಂತ ಹೆಚ್ಚಾಗಿ ಸಿಟ್ಟು ಬಂದದ್ದು ಅದಕ್ಕೇ. ಮಗಳಿಗೆ ಗುಂಡು ತಗಲಿದಾಗಲೂ ಇವನಿಗೆ ಮೊದಲು ಕಂಡದ್ದು ಕೋವಿಯೇ ಎಂದುಕೊಂಡೆ. ಆ ಗಾಬರಿಯಲ್ಲಿ ತುಂಬಿದ ಇನ್ನೊಂದು ನಳಿಗೆಯನ್ನು ಹಿಡಿದುಕೊಂಡು ಅವನು ನನ್ನ ಹತ್ತಿರ ಓಡಿಬಂದಿದ್ದರೆ ಏನಾಗಬಹುದಿತ್ತೆಂದು ನನಗೆ ಹೊಳೆಯಲು ಬಹಳ ದಿನ ಬೇಕಾಯಿತು.

ಟವೆಲ್ ಬಿಗಿದು, ರಸ್ತೆಯಲ್ಲಿ ನಿಲ್ಲಿಸಿದ್ದ ಬೈಕಿನಲ್ಲಿ ಕೂರಿಸಿಕೊಂಡು ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರ್ ಹೇಗಾಯಿತೆಂದು ಕೇಳಿದಾಗ ನಾನು, "ತಂತಿಬೇಲಿ ಚುಚ್ಚಿಬಿಡ್ತು," ಎಂದೆ. ಪೊಲೀಸು, ಕೇಸು ಎಲ್ಲ ನೆನೆದು ಬಾಯಿಗೆ ಬಂದ ಸುಳ್ಳು ಅದು.

"ಸುಳ್ಳು ಹೇಳ್ಬೇಡ," ಎಂದ ಅಪ್ಪ. ಡಾಕ್ಟರ ಕಡೆ ತಿರುಗಿ, "ನನ್ನ ಕೋವಿ ಹಾರ್ತು ಸ್ವಾಮಿ. ತೋಟಾ ತೆಗೀದೆ ಕೊರಕಲು ದಾಟ್ದೆ. ತಪ್ಪು ನಂದು."

ಮೀನಖಂಡದಿಂದ ಎರಡು ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡು, ತೆಗೆದರು. ಮೂರನೆಯದು ಆಳದಲ್ಲಿದೆ, ತೊಂದರೆ ಕೊಡದಿದ್ದರೆ ಅಲ್ಲೇ ಇರಲಿ ಎಂದರು. ಇವತ್ತಿಗೂ ಅದು ಅಲ್ಲೇ ಇದೆ. ಚಳಿಗಾಲದಲ್ಲಿ ಒಂದಿಷ್ಟು ನೋಯುತ್ತದೆ, ಅಷ್ಟೇ. ಪೊಲೀಸರು ಬಂದು ಹೇಳಿಕೆ ಬರೆದುಕೊಂಡರು. ಕೋವಿ ಠಾಣೆಗೆ ಹೋಯಿತು.

ಅಮ್ಮ ಅಪ್ಪನ ಜೊತೆ ಹದಿನೈದು ದಿನ ಮಾತಾಡಲಿಲ್ಲ. ಮಾತಾಡಿದ ದಿನ ಕೇಳಿದ್ದು ಒಂದೇ: "ಮಗಳಿಗಿಂತ ಜೋಳ ಹೆಚ್ಚಾಯ್ತಾ ನಿಂಗೆ?" ಊರಿನವರು, "ಕೋವಿ ಹಳೇದಾಗಿತ್ತು ಬಿಡು, ಅದಕ್ಕೇ ಹಾರ್ತು," ಎಂದು ಸಮಾಧಾನ ಹೇಳಲು ಬಂದರೆ ಅಪ್ಪ ಒಪ್ಪುತ್ತಿರಲಿಲ್ಲ. "ಕೋವಿ ಚೆನ್ನಾಗೇ ಇತ್ತು. ಆತುರ ಬಿದ್ದೋನು ನಾನು," ಎನ್ನುತ್ತಿದ್ದ.

ತಿಂಗಳುಗಳ ನಂತರ ಕೇಸು ಮುಗಿದು, ಕೋವಿ ಬಿಡಿಸಿಕೊಳ್ಳಿ ಎಂದು ಠಾಣೆಯಿಂದ ಕರೆ ಬಂತು. ಅಪ್ಪ ನನ್ನ ಎದುರಿಗೆ ಬಂದು ಕೂತ.

"ಏನ್ ಮಾಡೋಣ, ಹೇಳು. ನೀನ್ ಹೇಳ್ದಂಗೆ."

ನಾನು ಸಿಟ್ಟೆಲ್ಲ ಕಳೆದಿದೆ ಎಂದೇ ತಿಳಿದಿದ್ದೆ. ಆದರೂ ಆ ಕೋವಿ ಮತ್ತೆ ನಡುಮನೆಗೆ ಬರುವುದನ್ನು ನೆನೆಯಲೂ ಆಗಲಿಲ್ಲ. "ಬೇಡ ಕಣಪ್ಪಾ," ಎಂದೆ.

ಲೈಸೆನ್ಸ್ ವಾಪಸ್ ಕೊಡುವ ಅರ್ಜಿಗೆ ಸಹಿ ಹಾಕಲು ನಾವಿಬ್ಬರೂ ಹೋದೆವು. ಬರುವಾಗ ಹೋಟೆಲಿನಲ್ಲಿ ಮುದ್ದೆ ಊಟ ಮಾಡಿದೆವು. ಆಮೇಲೆ ಅಪ್ಪ ಬೀಜದ ಅಂಗಡಿಗೆ ನುಗ್ಗಿ, ಹಂದಿ ಮುಟ್ಟದ ಬೆಳೆ ಯಾವುದಾದರೂ ಇದೆಯೇ ಎಂದು ಅಂಗಡಿಯವನನ್ನು ಅರ್ಧ ಗಂಟೆ ಗೋಳು ಹುಯ್ದುಕೊಂಡ.