ಮುದ್ದೆ ಮುನಿಯಣ್ಣನ ಬಲಗೈ

ಗೊಟ್ಟಿಗೆರೆಯ ಮೆಸ್ಸೊಂದರಲ್ಲಿ ಮುದ್ದೆ ಮಾಡುವ ಮುನಿಯಣ್ಣನಿಗೆ ಮಾತು ಕಡಿಮೆ. ಹರೆಯದಿಂದಲೂ ಅವನ ಪರವಾಗಿ ಮಾತಾಡಿದ್ದು ಅವನ ಬಲಗೈ. ಕುದಿಯುವ ಎಸರಿಗೆ ರಾಗಿ ಹಿಟ್ಟು ಸುರಿದು, ಕೋಲು ಹಿಡಿದು ತೊಳಸಿ, ಒದ್ದೆ ಕೈಯಲ್ಲಿ ತಿರುಗಿಸಿ ತಿರುಗಿಸಿ ಉಂಡೆ ಕಟ್ಟಿದನೆಂದರೆ ಹುಡುಕಿದರೂ ಒಂದು ಗಂಟು ಸಿಗುತ್ತಿರಲಿಲ್ಲ. ಆಟೋದವರು, ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಗಳು, ಕಾರು ನಿಲ್ಲಿಸಲು ಜಾಗ ಸಿಗದೆ ಪರದಾಡುವವರು, ಎಲ್ಲರೂ ಬರುತ್ತಿದ್ದುದು ಆ ಮುದ್ದೆಗೇ. ಹೆಂಡತಿ ಮಕ್ಕಳಿಲ್ಲದ ಮನುಷ್ಯ. ಇದ್ದ ಜಂಬ ಅದೊಂದೇ, ಅದನ್ನೂ ಬಾಯಿಬಿಟ್ಟು ಹೇಳಿದವನಲ್ಲ.

ಶಿವರಾತ್ರಿ ಕಳೆದ ವಾರ, ಒಲೆಯಿಂದ ಇಳಿಸುವಾಗ ಹಿಟ್ಟಿನ ದಬರಿ ಜಾರಿತು. ಬಿಟ್ಟಿದ್ದರೆ ಹಿಟ್ಟು ನೆಲದ ಪಾಲಾಗುತ್ತಿತ್ತು, ಅಷ್ಟೇ. ಈ ಹಠಮಾರಿ ಬಿಡಲಿಲ್ಲ. ಮಡಿಸಿದ ಬಲಗೈಯಲ್ಲೇ ಅಷ್ಟೂ ಭಾರ ತಡೆದ. ಮೊಣಕೈಯೊಳಗೆ ಹಗ್ಗ ಹರಿದಂತೆ ಟಪ್ಪೆಂದಿತು. ಸಂಜೆಗೆ ಅಲ್ಲೆಲ್ಲ ನೀಲಿಗಟ್ಟಿ, ತೋಳಿನ ಮಾಂಸ ಮೇಲಕ್ಕೆ ಸರಿದು ಗೆಡ್ಡೆಯಂತೆ ಕೂತಿತ್ತು.

"ನರ ಎಳ್ದೈತೆ ಕಣೋ," ಎಂದಳು ಅವನ ಅಕ್ಕ ಕೆಂಚವ್ವ.

ನಮ್ಮ ಜನರಿಗೆ ಚರ್ಮದ ಕೆಳಗಿರುವುದೆಲ್ಲ ನರವೇ. ರಕ್ತ ಹರಿಯುವುದೂ ನರ, ನೋವು ಮುಟ್ಟಿಸುವುದೂ ನರ, ಮಾಂಸವನ್ನು ಮೂಳೆಗೆ ಕಟ್ಟಿರುವ ಬಿಳಿಯ ಹುರಿಯೂ ನರ. ಎಳೆದ ನರಕ್ಕೆ ನೀವುವುದೇ ಮದ್ದು. ಅದರಲ್ಲೂ ಕೆಂಚವ್ವ ಕಾಲು ಮುಂದಾಗಿ ಹುಟ್ಟಿದವಳು, ಅಂಥವರು ಮುಟ್ಟಿದರೆ ಉಳುಕು ಬಿಡುತ್ತದೆಂಬ ನಂಬಿಕೆ. ಉಳುಕು ತೆಗೆಸಿಕೊಳ್ಳಲು ಉತ್ತರಹಳ್ಳಿಯಿಂದಲೂ ಅವಳ ಬಾಗಿಲಿಗೆ ಜನ ಬರುತ್ತಾರೆ. ಇನ್ನು ಆಸ್ಪತ್ರೆಯ ಮಾತೆಲ್ಲಿ? ದಿನಾ ಬೆಳಿಗ್ಗೆ ಹರಳೆಣ್ಣೆ ಬಿಸಿ ಮಾಡಿ, ತಮ್ಮನ ತೋಳನ್ನು ಮಗುವಿನ ತೋಳಿನಂತೆ ನೀವಿದಳು. ಬಾವು ಇಳಿಯಿತು, ನೋವು ಇಳಿಯಿತು. ಕೈ ಮಡಿಸಲು ಬಂತು, ನೀರಿನ ಕೊಡ ಎತ್ತಲೂ ಬಂತು. ಮುನಿಯಣ್ಣ ಬಚಾವಾದೆ ಅಂದುಕೊಂಡ. ಆದರೆ ಕೋಲು ತಿರುವಲು ಹೋದರೆ ಕೈ ಸೋಲುತ್ತಿತ್ತು. ಮುದ್ದೆಯಲ್ಲಿ ಗಂಟು ಬಂತು. ಜನ ತಟ್ಟೆಯಲ್ಲಿ ಬಿಟ್ಟು ಎದ್ದುಹೋಗತೊಡಗಿದರು.

ಮಾವಿನಹಣ್ಣು ಗಾಡಿಗೆ ಬರುವ ಹೊತ್ತಿಗೆ ಮೆಸ್ಸಿನ ಯಜಮಾನ ರವಿಕುಮಾರ್ ಅವನನ್ನು ಜೆ.ಪಿ. ನಗರದ ಆಸ್ಪತ್ರೆಗೆ ಕರೆದುಕೊಂಡು ಹೋದ. ಸ್ಕ್ಯಾನ್ ನೋಡಿದ ಡಾಕ್ಟರ್ ಅಂಜನಾ ಹೇಳಿದರು: "ನಿಮ್ಮ ಎಡಗೈ ಮಡಿಸಿ, ತೋಳನ್ನ ಬಲಗೈಲಿ ಹಿಡ್ಕೊಳಿ. ಈಗ ಅಂಗೈನ ಮೇಲಕ್ಕೆ ತಿರುಗಿಸಿ."

ಬೆರಳಡಿ ಸ್ನಾಯು ಉಬ್ಬಿತು.

"ಇದೇ ಬೈಸೆಪ್ಸ್. ಕೈ ಮಡಿಸೋದಷ್ಟೇ ಇದರ ಕೆಲಸ ಅನ್ಕೋತಾರೆ. ಅಂಗೈನ ಬಲವಾಗಿ ತಿರುಗಿಸೋದೂ ಇದೇನೇ. ಸ್ನಾಯುಗೆ ಎಳೆಯೋದು ಮಾತ್ರ ಗೊತ್ತು, ತಳ್ಳೋಕೆ ಬರಲ್ಲ. ಎಳೀಬೇಕಂದ್ರೆ ಅದರ ತುದಿಯ ಹುರಿ ಮೂಳೆಗೆ ಅಂಟ್ಕೊಂಡಿರ್ಬೇಕು. ನಿಮ್ಮ ಬಲಗೈಲಿ ಅದು ಕಿತ್ತುಹೋಗಿದೆ."

"ಕೊಡ ಎತ್ತುತೀನಲ್ಲ ಮೇಡಂ?"

"ಅದರ ಕೆಳಗೆ ಇನ್ನೊಂದು ಸ್ನಾಯು ಇದೆ, ಅದು ಮಡಿಸ್ತಿದೆ. ತಿರುಗಿಸೋಕೆ ಅದರ ಕೈಲಾಗಲ್ಲ."

"ನರ ಎಳ್ದೈತೆ ಅಂತ ನೀವಿಸ್ಕೊತಿದ್ದೆ."

"ಇದು ನರ ಅಲ್ಲಣ್ಣ," ಎಂದರು ಡಾಕ್ಟರ್, ಬೈಯುವ ದನಿಯಲ್ಲಲ್ಲ. "ಮೊದಲ ಎರಡು ಮೂರು ವಾರದಲ್ಲಿ ಬಂದಿದ್ರೆ ಎಳೆದು ಮೂಳೆಗೆ ಹೊಲೀತಿದ್ವಿ. ಈಗ ಮುದುಡಿ ಮೇಲೇ ಅಂಟ್ಕೊಂಡಿದೆ. ಬೇರೆ ಹುರಿ ತಂದು ಕಟ್ಟೋಕೆ ನೋಡ್ಬಹುದು. ಆದ್ರೆ ಮುದ್ದೆ ತೊಳಸೋ ಬಲ ಬರುತ್ತೆ ಅಂತ ನಾನು ಹೇಳಲಾರೆ."

ಮನೆಗೆ ಬಂದು ಅಕ್ಕನಿಗೆ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ. ಹೇಳಬಾರದಿತ್ತು ಎಂದು ಹೇಳಿದ ಮೇಲೆ ಅನ್ನಿಸಿತು. ಕೆಂಚವ್ವ ತನ್ನ ಎರಡೂ ಅಂಗೈ ನೋಡಿಕೊಳ್ಳುತ್ತ ಕೂತಳು. ಮಾರನೆಯ ದಿನ ಉಳುಕು ಎಂದು ಬಂದವರನ್ನು ಬಾಗಿಲಲ್ಲೇ ವಾಪಸ್ ಕಳಿಸಿದಳು.

ರವಿಕುಮಾರ್ ಕೆಟ್ಟವನಲ್ಲ. ಮುನಿಯಣ್ಣನನ್ನು ಬಡಿಸಲು ನಿಲ್ಲಿಸಿ, ಅಡುಗೆಮನೆಗೆ ಮುದ್ದೆಯ ಮೆಷಿನ್ ತಂದ. ಹಿಟ್ಟು ನೀರು ಹಾಕಿ ಸ್ವಿಚ್ ಒತ್ತಿದರೆ ಅದೇ ತಿರುವುತ್ತದೆ, ಅದೇ ಉಂಡೆ ಮಾಡುತ್ತದೆ. ಮೊದಲ ದಿನ ಮುನಿಯಣ್ಣ ಬಡಿಸಿ, ಗೋಡೆಗೆ ಒರಗಿ ಜನರ ಮುಖ ನೋಡುತ್ತಾ ನಿಂತ. ಯಜಮಾನನಿಗೆ ನಷ್ಟವಾಗಲಿ ಎಂಬ ಕೆಟ್ಟ ಆಸೆ ಅವನಿಗಿರಲಿಲ್ಲ. ಒಬ್ಬನೇ ಒಬ್ಬ ತುತ್ತು ಮುರಿದು, ಇದು ಮುನಿಯಣ್ಣನ ಕೈಯದಲ್ಲ ಎಂದರೆ ಸಾಕಿತ್ತು.

ಯಾರೂ ಅನ್ನಲಿಲ್ಲ. ಮೆಸ್ಸು ಶುರುವಾದಂದಿನಿಂದ ಬರುತ್ತಿದ್ದ ಬ್ಯಾಂಕಿನ ಸುಭಾಷ್ ತುತ್ತನ್ನು ಸಾರಿನಲ್ಲಿ ಅದ್ದಿ ನುಂಗಿ, ತಲೆಯಾಡಿಸಿದ.

"ಸಖತ್ತಾಗಿದೆ ಮುನಿಯಣ್ಣ. ಅಂತೂ ಕೈ ಸರಿಹೋಯ್ತು ಅನ್ನಿ."

ಮುನಿಯಣ್ಣ ಅವನ ಮುಖವನ್ನೇ ನೋಡಿದ. ತಮಾಷೆಗೆ ಅಂದದ್ದಲ್ಲ.

"ಹೂಂ ಸಾರ್," ಎಂದು, ಇನ್ನೊಂದು ಮುದ್ದೆ ತರಲು ಒಳಗೆ ಹೋದ.