ಅಕ್ಕನ ಕಾರು, ಅಣ್ಣನ ಹಗ್ಗ

ನಮ್ಮ ಮನೆತನದಲ್ಲಿ ಯಾವ ಯಂತ್ರ ಕೆಟ್ಟರೂ ಮೊದಲು ಅಣ್ಣನಿಗೆ ಹೇಳಬೇಕು. ಮಿಕ್ಸಿ ಇರಲಿ, ಬೋರ್‌ವೆಲ್ ಮೋಟಾರ್ ಇರಲಿ, ಬಾಡಿಗೆಯವರ ಗೀಸರ್ ಇರಲಿ, ಅಣ್ಣ ಬಂದು ಬಿಚ್ಚಿ, ಇದ್ದದ್ದಕ್ಕಿಂತ ಹೆಚ್ಚು ಕೆಡಿಸಿ, ತಪ್ಪೆಲ್ಲ ಕಂಪನಿಯದು ಎಂದು ತೀರ್ಪು ಕೊಟ್ಟ ಮೇಲೆಯೇ ರಿಪೇರಿಯವನಿಗೆ ಪ್ರವೇಶ. ಕೆ.ಆರ್. ಪುರದ ಆಚೆ ನಮಗೆ ಹೊಲಗಳಿದ್ದ ಕಾಲದಲ್ಲಿ ಅವನು ಟ್ರ್ಯಾಕ್ಟರ್ ಓಡಿಸುತ್ತಿದ್ದ. ಕೆಸರಲ್ಲಿ ಹೂತ ಗಾಡಿಗಳಿಗೆಲ್ಲ ಹಗ್ಗ ಕಟ್ಟಿ ಎಳೆದು ಹೆಸರು ಮಾಡಿದ್ದ. ಆಮೇಲೆ ಹೊಲಗಳು ಸೈಟುಗಳಾದವು, ಸೈಟುಗಳ ಮೇಲೆ ಮನೆಗಳೆದ್ದವು, ಅಣ್ಣ ಬಾಡಿಗೆ ವಸೂಲಿ ಮಾಡುವ ದೊಡ್ಡ ಮನುಷ್ಯನಾದ. ಆದರೆ ತಲೆಯೊಳಗೆ ಇವತ್ತಿಗೂ ಟ್ರ್ಯಾಕ್ಟರ್ ಸೀಟಿನಿಂದ ಇಳಿದಿಲ್ಲ.

ನಾವು ಮೂವರು. ಅಣ್ಣ ದೊಡ್ಡವನು, ನಡುವೆ ಅಕ್ಕ, ಕೊನೆಯವಳು ನಾನು. ನನ್ನನ್ನು ಹಲಸೂರಿಗೆ ಕೊಟ್ಟರು. ಅಕ್ಕನ ಗಂಡ ವಿಮಾನ ಕಾರ್ಖಾನೆಯಲ್ಲಿದ್ದರು. ಅವರು ತೀರಿಕೊಂಡ ಮೇಲೆ ಅವಳು ಹೊಸ ತಿಪ್ಪಸಂದ್ರದಲ್ಲಿ, ಅಣ್ಣನ ಮನೆಯಿಂದ ಎರಡು ಗಲ್ಲಿ ಆಚೆ, ಒಬ್ಬಳೇ ಇದ್ದಳು. ಎಲ್ಲಿಗಾದರೂ ಹೋಗಬೇಕೆಂದರೆ ತನಗೆ ಹೇಳಬೇಕು, ತಾನೇ ಕರೆದುಕೊಂಡು ಹೋಗುತ್ತೇನೆ ಎಂದು ಅಣ್ಣ ಅಪ್ಪಣೆ ಮಾಡಿದ್ದ. ಅವನು ಯಾವತ್ತೂ ಇಲ್ಲ ಎಂದವನಲ್ಲ. ಬಂದವನೂ ಅಲ್ಲ.

ಹೀಗಿರುವಾಗ, ಅರವತ್ತರ ಹತ್ತಿರ ಬಂದಿದ್ದ ಅಕ್ಕ ಯಾರಿಗೂ ಹೇಳದೆ ಡ್ರೈವಿಂಗ್ ಕಲಿತು, ಒಂದು ಪುಟ್ಟ ಎಲೆಕ್ಟ್ರಿಕ್ ಕಾರು ಬುಕ್ ಮಾಡಿಬಿಟ್ಟಳು. ಮನೆಯಲ್ಲಿ ಪಂಚಾಯಿತಿ ಸೇರಿತು. ಗೇರಿಲ್ಲ, ಸದ್ದಿಲ್ಲ, ಹೊಗೆಯಿಲ್ಲ, ಅದನ್ನು ಕಾರು ಅಂತ ಹೇಗೆ ಕರೆಯುವುದು ಎಂಬುದೇ ಅಣ್ಣನ ಮೊದಲ ಆಕ್ಷೇಪಣೆ. ಅಕ್ಕ ಜಗ್ಗಲಿಲ್ಲ. ಕೊನೆಗೆ ಅವನು ಎಲ್ಲರೆದುರು ಒಂದು ಷರತ್ತು ಹಾಕಿದ.

"ಒಂದೇ ಒಂದು ಸಲ ಅದು ರೋಡಲ್ಲಿ ಕೆಟ್ಟು ನಿಂತ್ರೆ, ಕೀ ತಂದು ನನ್ ಕೈಗ್ ಕೊಡ್ಬೇಕು. ಆಮೇಲೆ ಸ್ಟೀರಿಂಗ್ ಮುಟ್ಟಂಗಿಲ್ಲ."

ಅಕ್ಕ ಆಗಲಿ ಎಂದಳು. ನಮ್ಮ ಮನೆಯಲ್ಲಿ ಹಿರಿಯರೆದುರು ಆಡಿದ ಮಾತು ನೋಂದಣಿಯಾದ ಪತ್ರಕ್ಕಿಂತ ಗಟ್ಟಿ.

ಕಾರು ಕೊಡುವ ದಿನ ಶೋರೂಮಿಗೆ ಎಲ್ಲರೂ ಹೋಗಿದ್ದೆವು. ಅಲ್ಲಿಯ ಹುಡುಗಿ ಗಾಡಿ ನಡುದಾರಿಯಲ್ಲಿ ನಿಂತರೆ ಏನು ಮಾಡಬೇಕು, ಏನು ಮಾಡಬಾರದು ಎಂದು ತಾಳ್ಮೆಯಿಂದ ವಿವರಿಸುತ್ತಿದ್ದಳು. ನಾವು ಫೋಟೋ ತೆಗೆಸಿಕೊಳ್ಳುವುದರಲ್ಲಿದ್ದೆವು. ಅಣ್ಣ ಚಕ್ರದಡಿಯ ನಿಂಬೆಹಣ್ಣು ಸರಿಯಾಗಿ ಅಪ್ಪಚ್ಚಿಯಾಗಲಿಲ್ಲವೆಂದು ಕಾರನ್ನು ಹಿಂದೆ ಮುಂದೆ ಆಡಿಸಲು ಹೇಳುತ್ತಿದ್ದ. ಆ ಹುಡುಗಿಯ ಮಾತು ಕೇಳಿಸಿಕೊಂಡವಳು ಅಕ್ಕ ಒಬ್ಬಳೇ.

ಎಂಟು ತಿಂಗಳು ಕಾರು ಚೆನ್ನಾಗಿ ಓಡಿತು. ಭಾನುವಾರ ಅಣ್ಣನ ಮನೆಯಲ್ಲಿ ಎಲ್ಲರೂ ಸೇರಿ ಊಟ ಮಾಡುವುದು ನಮ್ಮ ರೂಢಿ. ಮಟನ್ ಮಾತ್ರ ಶಿವಾಜಿನಗರದ್ದೇ ಆಗಬೇಕು, ಅದೂ ಅಪ್ಪನ ಕಾಲದಿಂದ ತರುತ್ತಿದ್ದ ಅಂಗಡಿಯದ್ದೇ. ಅದನ್ನು ತರುವ ಕೆಲಸ ಈಗ ಅಕ್ಕನದು, ಜೊತೆಗೆ ಹೋಗುವ ಕೆಲಸ ನನ್ನದು. ಆ ಭಾನುವಾರ ಮಟನ್ ಡಿಕ್ಕಿಯಲ್ಲಿಟ್ಟು, ಮಕ್ಕಳಿಗೆ ಬಿಸ್ಕತ್ತು ಕೊಳ್ಳೋಣವೆಂದು ಪುಲಿಕೇಶಿನಗರದ ಕಡೆ ತಿರುಗಿ ಮಾಸ್ಕ್ ರೋಡಿಗೆ ಬಂದೆವು. ಅಲ್ಲಿ ಸ್ಟೀರಿಂಗ್ ಮುಂದಿನ ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು. ಗಾಡಿಯನ್ನು ಸುರಕ್ಷಿತವಾಗಿ ನಿಲ್ಲಿಸಿ ಎಂದಿತ್ತು. ಅಕ್ಕ ನಿಧಾನವಾಗಿ ಎಡಕ್ಕೆ ತಂದಳು. ಅಲ್ಲಿಗೆ ಕಾರು ನಿಂತಿತು, ಮತ್ತೆ ಏನು ಮಾಡಿದರೂ ಅಲುಗಲಿಲ್ಲ. ಬ್ಯಾಟರಿಯಲ್ಲಿ ಮುಕ್ಕಾಲು ಪಾಲು ಚಾರ್ಜ್ ಇತ್ತು.

ಅಕ್ಕ ಎರಡು ಕಡೆಯ ಇಂಡಿಕೇಟರ್ ಹಾಕಿದಳು. ನನ್ನನ್ನು ಫುಟ್‌ಪಾತ್ ಕಡೆಯಿಂದ ಇಳಿಸಿದಳು. ಡಿಕ್ಕಿಯಿಂದ ಕೆಂಪು ತ್ರಿಕೋನ ತೆಗೆದು ಸ್ವಲ್ಪ ಹಿಂದೆ ನಿಲ್ಲಿಸಿದಳು. ಆಮೇಲೆ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದಳು. ಅಲ್ಲಿಯ ಹೆಣ್ಣು ದನಿ ಮೊದಲು ಕೇಳಿದ್ದು ನೀವು ಸುರಕ್ಷಿತ ಜಾಗದಲ್ಲಿದ್ದೀರಾ ಎಂದು. ಬಿರಿಯಾನಿ ಹೋಟೆಲ್ ಎದುರು ಇದ್ದೇವೆ ಎಂದಳು ಅಕ್ಕ. ಕಾರನ್ನು ಬೆನ್ನ ಮೇಲೆ ಹೊತ್ತು ಹೋಗುವ ಲಾರಿ ಕೆ.ಆರ್. ಪುರದಿಂದ ಬರುತ್ತದೆ, ಅಲ್ಲಿಯವರೆಗೆ ಯಾರೂ ಎಳೆಯಬಾರದು ಎಂದಿತು ಆ ದನಿ. ಫೋನ್ ಇಟ್ಟ ಅಕ್ಕ ಕೀಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿಂತಳು.

"ಅಣ್ಣಂಗ್ ಹೇಳ್ಬೇಡ ಕಣೇ," ಎಂದಳು. ಅವಳ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ.

ಬೆಂಗಳೂರಿನಲ್ಲಿ ಗಾಡಿ ನಿಂತರೆ ಸಾಕು, ಅದರ ಸುತ್ತ ಒಂದು ಎಂಜಿನಿಯರಿಂಗ್ ಕಾಲೇಜು ತಾನಾಗಿ ಹುಟ್ಟಿಕೊಳ್ಳುತ್ತದೆ. ರಾತ್ರಿ ಚಾರ್ಜಿಗೆ ಹಾಕುವುದನ್ನು ಮರೆತಿದ್ದೀರಿ ಎಂದು ಒಬ್ಬ ನಮ್ಮ ಮೇಲೆ ಆರೋಪ ಹೊರಿಸಿದ. ಎಲ್ಲರೂ ಸೇರಿ ತಳ್ಳಿ ಸ್ಟಾರ್ಟ್ ಮಾಡೋಣ ಎಂದು ಇನ್ನೊಬ್ಬ ಅಂಗಿಯ ತೋಳು ಮಡಚಿದ. ಇಂಥ ಗಾಡಿ ಯಾವ ಗಳಿಗೆಯಲ್ಲಾದರೂ ಹೊತ್ತಿಕೊಂಡು ಉರಿಯುತ್ತದೆ, ಎಲ್ಲರೂ ದೂರ ಹೋಗಿ ಎಂದು ಮೂರನೆಯವನು ಎಚ್ಚರಿಸಿದ. ಎಚ್ಚರಿಸಿ, ವಿಡಿಯೋ ಸರಿಯಾಗಿ ಬರಲೆಂದು ತಾನೇ ಹತ್ತಿರ ಬಂದು ನಿಂತ. ಎದುರಿನ ಬಟ್ಟೆ ಅಂಗಡಿಯ ಸಾಹೇಬರು ಮಾತ್ರ ಎರಡು ಪ್ಲಾಸ್ಟಿಕ್ ಕುರ್ಚಿ ತಂದು ನೆರಳಿಗೆ ಹಾಕಿಸಿ, ಚಹಾ ತರಿಸಿದರು. ಕರೆಂಟನ್ನು ನಂಬಬಹುದಾದದ್ದು ಇಸ್ತ್ರಿಪೆಟ್ಟಿಗೆಗೆ ಮಾತ್ರ ಎಂಬುದು ಅವರ ಸಿದ್ಧಾಂತ. ಚಹಾ ಚೆನ್ನಾಗಿದ್ದುದರಿಂದ ನಾವು ವಾದ ಮಾಡಲಿಲ್ಲ.

ಅಷ್ಟರಲ್ಲಿ ಅತ್ತಿಗೆಯ ಫೋನ್ ಬಂತು. ಮಸಾಲೆ ರುಬ್ಬಿ ಆಗಿದೆ, ಮಟನ್ ಎಲ್ಲಿ ಎಂದು ಕೇಳಿದಳು. ದಾರಿಯಲ್ಲಿದ್ದೇವೆ ಎಂದೆ, ಅದೇನೂ ಸುಳ್ಳಲ್ಲ. ಆದರೆ ನನ್ನ ಬೆನ್ನ ಹಿಂದೆ ತೋಳು ಮಡಚಿದ್ದ ಗಂಡಸು ಅದೇ ಹೊತ್ತಿಗೆ, ಗಾಡಿ ಕೆಟ್ಟಿದೆ, ಎಲ್ಲರೂ ಬನ್ನಿ, ತಳ್ಳೋಣ ಎಂದು ಇಡೀ ಮಾಸ್ಕ್ ರೋಡಿಗೆ ಕೇಳುವಂತೆ ಕರೆ ಕೊಟ್ಟ. ಅತ್ತಿಗೆ ಫೋನನ್ನು ಅಣ್ಣನಿಗೆ ದಾಟಿಸಿದಳು, ಎಲ್ಲಿದ್ದೇವೆಂದು ನಾನು ಹೇಳಲೇಬೇಕಾಯಿತು.

ಅಣ್ಣ ಡೀಸೆಲ್ ಜೀಪಿನಲ್ಲಿ ಬಂದ. ಅಕ್ಕ ಕರೆದರೆ ರಾಹುಕಾಲ, ಗುಳಿಕಕಾಲ ಎಂದು ಕಾಯಿಸುವ ಮನುಷ್ಯ, ಆ ದಿನ ಆಂಬುಲೆನ್ಸಿನ ವೇಗದಲ್ಲಿ ಬಂದಿದ್ದ. ಹೆಗಲ ಮೇಲೆ ದಪ್ಪ ಹಗ್ಗದ ಸುರುಳಿಯಿತ್ತು. ಮುಖದಲ್ಲಿ ಚಿಂತೆ ಇತ್ತೋ ಸಂತೋಷ ಇತ್ತೋ ಹೇಳುವುದು ಕಷ್ಟ. ಎರಡೂ ಇತ್ತೆಂದು ಈಗ ಅನಿಸುತ್ತದೆ. ಬಂದವನೇ ಬಾನೆಟ್ ತೆಗೆಸಿ, ಒಳಗೆ ಎಂಜಿನ್ ಕಾಣದೆ ಸ್ವಲ್ಪ ಹೊತ್ತು ಕಂಗಾಲಾದ. ಕೊನೆಗೆ ಕಿತ್ತಳೆ ಬಣ್ಣದ ಒಂದು ದಪ್ಪ ವೈರನ್ನು ಅಲ್ಲಾಡಿಸಿ ನೋಡಲು ಕೈ ಹಾಕಿದ. ಅಕ್ಕ ಅವನ ಮಣಿಕಟ್ಟು ಹಿಡಿದು ಈಚೆ ಎಳೆದಳು. ಆ ಬಣ್ಣದ ವೈರನ್ನು ಯಾವತ್ತೂ ಮುಟ್ಟಬಾರದು, ಅದರಲ್ಲಿ ಜೀವ ಹೋಗುವಷ್ಟು ಕರೆಂಟ್ ಇರುತ್ತದೆ ಎಂದಳು. ಅವನು ಕೈ ಒರೆಸಿಕೊಂಡು, ಎಳೆದುಕೊಂಡೇ ಹೋಗೋಣ ಎಂದು ಹಗ್ಗ ಬಿಚ್ಚಿದ.

ಅಕ್ಕ ಬೇಡವೆಂದಳು. ಚಕ್ರ ನೆಲದ ಮೇಲೆ ಉರುಳಿದರೆ ಮೋಟಾರ್ ತಾನಾಗಿ ತಿರುಗಿ ಕರೆಂಟ್ ಹುಟ್ಟಿಸುತ್ತದೆ, ಒಳಗೆ ಸುಟ್ಟುಹೋಗಬಹುದು, ಆದ್ದರಿಂದ ಎತ್ತಿಕೊಂಡೇ ಹೋಗಬೇಕು ಎಂದು ಶೋರೂಮಿನಲ್ಲಿ ಹೇಳಿದ್ದನ್ನು ಅವನಿಗೆ ತಿಳಿಸಿದಳು. ಅಣ್ಣ ನಕ್ಕ. ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. ಎಳೆದರೆ ಕರೆಂಟ್ ಹುಟ್ಟುವುದಾದರೆ ಅಪ್ಪನ ಕಾಲದ ಎತ್ತುಗಳು ಇಡೀ ಊರಿಗೆ ದೀಪ ಹಚ್ಚುತ್ತಿದ್ದವು ಎಂದ. ಜನ ನಕ್ಕರು. ಒಂದು ಗಳಿಗೆಯಲ್ಲಿ ಎಲ್ಲರೂ ಅಣ್ಣನ ಕಡೆಯಾದರು. ಹಗ್ಗ ಹಿಡಿದ ಗಂಡಸಿಗೆ ಈ ಊರಿನಲ್ಲಿ ಸಿಗುವ ಗೌರವ ಕೀ ಹಿಡಿದ ಹೆಂಗಸಿಗೆ ಸಿಗುವುದಿಲ್ಲ. ತೋಳು ಮಡಚಿದವನು ಕಾರಿನಡಿ ಮಲಗಿ ಎಲ್ಲಿಗೋ ಹಗ್ಗ ಬಿಗಿದ. ಇನ್ನೊಂದು ತುದಿಯನ್ನು ಅಣ್ಣ ಜೀಪಿಗೆ ಕಟ್ಟಿದ.

ಆಗ ಅಕ್ಕ ಸುಮ್ಮನೆ ಹೋಗಿ ಡ್ರೈವರ್ ಸೀಟಿನಲ್ಲಿ ಕೂತಳು. ಬಾಗಿಲು ಹಾಕಿ, ಲಾಕ್ ಮಾಡಿ, ಸೀಟ್‌ಬೆಲ್ಟ್ ಹಾಕಿಕೊಂಡು, ಪಾರ್ಕಿಂಗ್ ಬ್ರೇಕ್ ಬಿಗಿದಳು. ಚಕ್ರಗಳು ಹಿಡಿದುಕೊಂಡವು. ಅಣ್ಣ ಜೀಪು ಏರಿ ಒಮ್ಮೆ ಆಕ್ಸಿಲರೇಟರ್ ತುಳಿದ. ಹಗ್ಗ ಬಿಗಿಯಾಯಿತು, ಕಾರಿನ ಮೂತಿ ಕರ್ ಎಂದಿತು, ಗಾಡಿ ಮಾತ್ರ ಜಾಗ ಬಿಡಲಿಲ್ಲ. ಜೀಪಿನ ಹೊಗೆ ಬಿರಿಯಾನಿ ಹೋಟೆಲಿಗೆ ನುಗ್ಗಿ ಊಟಕ್ಕೆ ಕೂತವರು ಎದ್ದು ಬಂದರು. ಹಗ್ಗ ಹರಿಯಲಿಲ್ಲ, ಕೋಲು ಮುರಿಯಲಿಲ್ಲ. ಅಣ್ಣ ಇಳಿದು ಬಂದು ಗಾಜು ಬಡಿದು ನ್ಯೂಟ್ರಲ್ ಹಾಕಲು ಹೇಳಿದ. ಅಕ್ಕ ಗಾಜನ್ನು ನಾಲ್ಕು ಬೆರಳಿನಷ್ಟು ಇಳಿಸಿದಳು.

"ಮೊದ್ಲು ಹಗ್ಗ ಬಿಚ್ಚಣ್ಣ. ಕೀ ನಿಂಗೇ ಕೊಡ್ತೀನಿ. ಮಾತು ಕೊಟ್ಟಿದ್ದೀನಿ, ತಪ್ಪಲ್ಲ. ಆದ್ರೆ ಗಾಡೀನ ಕೆಡಿಸಿ ಕೊಡಲ್ಲ."

ಅಣ್ಣ ಗೆದ್ದಿದ್ದ, ಆದರೆ ಅವನ ಮುಖ ಗೆದ್ದವನ ಹಾಗಿರಲಿಲ್ಲ. ನನಗಂತೂ ಅವಳ ಮೇಲೆ ಸಿಟ್ಟು ಬಂತು. ಅಷ್ಟು ಗಟ್ಟಿಯಾಗಿ ಕೂತವಳು ಕೀಯನ್ನು ಅಷ್ಟು ಸುಲಭವಾಗಿ ಯಾಕೆ ಬಿಟ್ಟುಕೊಡಬೇಕು? ಅವನು ಹಗ್ಗ ಬಿಚ್ಚಿದ. ಲಾರಿ ಬಂತು. ಅದರ ಡ್ರೈವರ್ ಕಿವಿಗೆ ಫೋನ್ ಸಿಕ್ಕಿಸಿಕೊಂಡು ಯಾರ ಜೊತೆಗೋ ಜಗಳವಾಡುತ್ತಲೇ ಲಾರಿಯ ಹಾಸನ್ನು ಇಳಿಜಾರು ಮಾಡಿ, ಕಾರನ್ನು ತಂತಿಯಲ್ಲಿ ನಿಧಾನವಾಗಿ ಮೇಲೆ ಹತ್ತಿಸಿ, ನಾಲ್ಕೂ ಚಕ್ರಗಳಿಗೆ ಪಟ್ಟಿ ಬಿಗಿದು ಹೊರಟುಹೋದ. ವಿಡಿಯೋ ಮಾಡುತ್ತಿದ್ದವನಿಗೆ ಏನೂ ಹೊತ್ತಿ ಉರಿಯದೆ ಬಹಳ ನಿರಾಸೆಯಾಯಿತು. ಮಟನ್ ಚೀಲ ಹಿಡಿದು ನಾವು ಅಣ್ಣನ ಜೀಪಿನಲ್ಲೇ ಮನೆಗೆ ಹೋದೆವು. ಆ ದಿನ ಸಾರು ಚೆನ್ನಾಗಿತ್ತು.

ಕಾರಿನೊಳಗೆ ಒಂದು ಸಣ್ಣ ಭಾಗ ಕೆಟ್ಟಿತ್ತಂತೆ, ಗ್ಯಾರಂಟಿಯಲ್ಲೇ ಬದಲಿಸಿಕೊಟ್ಟರು. ಕಾರು ಮನೆಗೆ ಬಂದ ಸಂಜೆಯೇ ಅಕ್ಕ ಅಣ್ಣನ ಮನೆಗೆ ಹೋಗಿ ಎಲ್ಲರೆದುರು ಕೀ ಅವನ ಅಂಗೈಯಲ್ಲಿಟ್ಟಳು. ಅಣ್ಣ ಉದಾರನಾದ. ಎಲ್ಲಿಗೆ ಹೋಗಬೇಕೋ ಹೇಳು, ಅದೇ ಕಾರಲ್ಲಿ ನಾನೇ ಕರೆದುಕೊಂಡು ಹೋಗುತ್ತೇನೆ ಎಂದ. ಇಷ್ಟು ವರ್ಷ ಹೇಳಿದ್ದನ್ನೇ ಮತ್ತೆ ಹೇಳಿದ್ದ. ಈ ಸಲ ಅಕ್ಕ ಅದನ್ನು ನಂಬಿದವಳ ಹಾಗೆ ನಡೆದುಕೊಂಡಳು.

ಮಾರನೆಯ ದಿನ ಬೆಳಗ್ಗೆ ಅಣ್ಣ ಹಲ್ಲುಜ್ಜುವ ಹೊತ್ತಿಗೆ ಅವಳು ಗೇಟಿನ ಹತ್ತಿರ ನಿಂತಿದ್ದಳು. ಹಲಸೂರು ಕೆರೆಯಲ್ಲಿ ಗೆಳತಿಯರ ಜೊತೆ ವಾಕಿಂಗ್ ಇತ್ತು. ಅಲ್ಲಿಂದ ಇಂದಿರಾನಗರದಲ್ಲಿ ಮಂಡಿನೋವಿನ ವ್ಯಾಯಾಮ. ಮಧ್ಯಾಹ್ನ ಶಿವಾಜಿನಗರದ ಗಲ್ಲಿಯಲ್ಲಿ ರವಿಕೆ ಹೊಲಿಯುವವನು. ಅಳತೆ ಸರಿಯಿಲ್ಲದೆ ಮಾರನೆಯ ದಿನ ಮತ್ತೆ ಅವನೇ. ಸಂಜೆ ಭಜನೆ. ಅಣ್ಣ ಎಡಗಾಲಿನಲ್ಲಿ ಇಲ್ಲದ ಕ್ಲಚ್ ಹುಡುಕುತ್ತಾ ಓಡಿಸಿದ, ಬಿಸಿಲಿನಲ್ಲಿ ಕಾದ, ಪಾರ್ಕಿಂಗಿಗಾಗಿ ಜಗಳವಾಡಿದ. ಬಾಡಿಗೆ ವಸೂಲಿ ನಿಂತುಹೋಯಿತು. ಅತ್ತಿಗೆ ಒಳಗೊಳಗೇ ನಗುತ್ತಿದ್ದಳು. ಅಕ್ಕ ಬೇಕೆಂದೇ ಅವನನ್ನು ಸತಾಯಿಸುತ್ತಿದ್ದಾಳೆ ಎಂದು ನಾನೂ ನಂಬಿದ್ದೆ.

ಆ ವಾರದ ಕೊನೆಗೆ ಕೆ.ಆರ್. ಪುರಕ್ಕೆ ಹೋಗಬೇಕೆಂದಳು, ನಾನೂ ಹಿಂದಿನ ಸೀಟಿನಲ್ಲಿ ಕೂತೆ. ಅಲ್ಲಿ ಅಕ್ಕನ ಹೈಸ್ಕೂಲ್ ಗೆಳತಿಯೊಬ್ಬಳು ಪಾರ್ಶ್ವವಾಯುವಾಗಿ ಹಾಸಿಗೆ ಹಿಡಿದಿದ್ದಾಳೆ, ವಾರಕ್ಕೊಮ್ಮೆ ಅಕ್ಕ ಹೋಗಿ ಅವಳ ತಲೆ ಬಾಚಿ, ಊಟ ತಿನ್ನಿಸಿ ಬರುತ್ತಾಳೆ ಎಂಬುದು ನನಗೂ ಅಣ್ಣನಿಗೂ ಗೊತ್ತಾದದ್ದು ಆ ದಿನವೇ. ನಾವು ಬಾಗಿಲಲ್ಲಿ ನಿಂತು ನೋಡಿದೆವು. ಅಕ್ಕ ಹೊರಡುವಾಗ ಆ ಗೆಳತಿ ಅವಳ ಸೆರಗನ್ನು ಬಿಡಲಿಲ್ಲ.

ವಾಪಸು ಬರುವಾಗ ಅಣ್ಣ ಕೇಳಿದ.

"ಭಾವ ಹೋದ್ಮೇಲೆ, ಈ ಕಾರ್ ತಗೊಳ್ಳೋವರ್ಗೂ, ಇಲ್ಲಿಗೆಲ್ಲ ಹೆಂಗಮ್ಮ ಬರ್ತಿದ್ದೆ?"

"ಬರ್ತಿರ್ಲಿಲ್ಲಣ್ಣ," ಎಂದಳು ಅಕ್ಕ.

ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಗದ್ದಲ ದಾಟಿದ ಮೇಲೆ ಅವನು ಕಾರನ್ನು ಎಡಕ್ಕೆ ನಿಲ್ಲಿಸಿದ. ಇಳಿದು ಸುತ್ತಿ ಬಂದು ಅವಳ ಕಡೆಯ ಬಾಗಿಲು ತೆಗೆದ. ಸೊಂಟ ಹಿಡಿದುಕೊಂಡಿದೆ, ಇಲ್ಲಿಂದ ನೀನೇ ಓಡಿಸು ಎಂದ. ಅಕ್ಕ ಆ ಕಡೆ ಹೋಗಿ ಕೂತು, ಸೀಟು ಮುಂದೆ ಎಳೆದುಕೊಂಡು, ಕನ್ನಡಿ ಸರಿಮಾಡಿಕೊಂಡಳು. ಮನೆ ಬರುವವರೆಗೂ ಅವನು ಒಂದು ಸಲವೂ ಬ್ರೇಕ್ ಹಿಡಿ ಎನ್ನಲಿಲ್ಲ.